ಅಪಾಯವನ್ನು ಹೊರುವವರು ಯಾರು? ನೋಟರ್ ಡೇಮ್ ಅಧ್ಯಕ್ಷರಿಗೆ ಒಂದು ಬಹಿರಂಗ ಪತ್ರ

ವಂದನೀಯ ಫಾದರ್ ಜಾನ್ ಜೆಂಕಿನ್ಸ್ ಅವರಿಗೆ,
ಅಧ್ಯಕ್ಷರು, ನೋಟರ್ ಡೇಮ್ ವಿಶ್ವವಿದ್ಯಾಲಯ, ಇಂಡಿಯಾನಾ

ಆಗಸ್ಟ್ 2020

ಕಳೆದ ಮೇ ತಿಂಗಳ ಕೊನೆಯಲ್ಲಿ 'ನ್ಯೂಯಾರ್ಕ್ ಟೈಮ್ಸ್' ಪತ್ರಿಕೆಗೆ ಬರೆದ ಲೇಖನದಲ್ಲಿ ತಾವು ಕೋವಿಡ್ ಸಾಂಕ್ರಾಮಿಕದ ನಡುವೆ ಕ್ಯಾಂಪಸ್ಸನ್ನು ಮತ್ತೆ ತೆರೆಯುವ ನಿರ್ಧಾರವನ್ನು ಸಮರ್ಥಿಸುತ್ತ, ಯಾವ ಒಳಿತಿಗಾಗಿ ಎಷ್ಟು ಅಪಾಯವನ್ನು ಎದುರಿಸಬಹುದೆಂಬುದನ್ನು ವಿಜ್ಞಾನವೊಂದೇ ನಿರ್ಧರಿಸಲಾರದು, ಅದು ನೈತಿಕ ವಿವೇಚನೆಗೆ ಸೇರಿದ ಪ್ರಶ್ನೆ ಎಂದು ವಾದಿಸಿದ್ದು ಒಪ್ಪತಕ್ಕ ಮಾತೇ ಆಗಿದೆ. ಆದರೆ ಹೇಡಿತನಕ್ಕೂ ದುಡುಕಿಗೂ ನಡುವೆ ನಿಲ್ಲುವ ಸದ್ಗುಣವೇ ಧೈರ್ಯವೆಂಬ ಅರಿಸ್ಟಾಟಲನ ವಿವರಣೆಯನ್ನು ಆ ಲೇಖನವು ಈ ನಿರ್ಧಾರಕ್ಕೆ ಅನ್ವಯಿಸುವಲ್ಲಿ ಒಂದು ತೊಡಕಿದೆ. ಧೈರ್ಯವು ತನ್ನ ಮೈಮೇಲೆ ಬರುವ ಅಪಾಯವನ್ನು ಎದುರಿಸುವವನ ಗುಣವೇ ಹೊರತು ಪರರ ಮೇಲೆ ಬೀಳುವ ಅಪಾಯಕ್ಕೆ ಒಪ್ಪಿಗೆ ನೀಡುವವನ ಗುಣವಲ್ಲ. ರಣರಂಗದ ಸೈನಿಕನು ತನ್ನ ಜೀವವನ್ನೇ ಪಣಕ್ಕಿಡುತ್ತಾನೆ. ಇಪ್ಪತ್ತರ ಹರೆಯದ ವಿದ್ಯಾರ್ಥಿಯು ತರಗತಿಗೆ ಮರಳಿದಾಗಲಾದರೋ ಹೆಚ್ಚಾಗಿ ಪಣಕ್ಕೆ ಬೀಳುವುದು ಊಟದ ಮನೆಯಲ್ಲಿ ಬಡಿಸುವವರ, ವಸತಿನಿಲಯಗಳನ್ನು ಗುಡಿಸುವವರ, ಅರವತ್ತು ದಾಟಿದ ಪ್ರಾಧ್ಯಾಪಕರ, ಕ್ಯಾಂಪಸ್ಸಿನೊಳಗಿನ ಹೋಲಿ ಕ್ರಾಸ್ ಹೌಸ್‌ನಲ್ಲಿ ನಿವೃತ್ತರಾಗಿರುವ ವೃದ್ಧ ಗುರುಗಳ ಮತ್ತು ಸೌತ್ ಬೆಂಡ್ ನಗರದ ನಿವಾಸಿಗಳ ಜೀವ.

ಈ ತಿಂಗಳ ಘಟನೆಗಳನ್ನು ಈ ದೃಷ್ಟಿಯಿಂದಲೇ ಓದಬೇಕಾಗಿದೆ. ವಿದ್ಯಾರ್ಥಿಗಳು ಬರುವ ಮುನ್ನ ನಡೆಸಿದ 11,836 ಪರೀಕ್ಷೆಗಳಲ್ಲಿ 33 ಜನರಿಗೆ ಮಾತ್ರ ಸೋಂಕು ಕಂಡುಬಂದಿತ್ತು. 10ರಂದು ತರಗತಿಗಳು ಆರಂಭವಾದವು. 18ರ ಹೊತ್ತಿಗೆ ಸೋಂಕಿತರ ಸಂಖ್ಯೆ 147ಕ್ಕೆ ಏರಿ, ಎರಡು ವಾರಗಳ ಕಾಲ ಪಾಠಗಳನ್ನು ಆನ್‌ಲೈನ್‌ಗೆ ವರ್ಗಾಯಿಸಬೇಕಾಯಿತು. ಮೊದಲ ಪರೀಕ್ಷೆ ಸುಳ್ಳಾಡಿತೆಂದು ಇದರ ಅರ್ಥವಲ್ಲ. ವೈರಾಣು ಮೈಹೊಕ್ಕ ದಿನಕ್ಕೂ ಪರೀಕ್ಷೆಯಲ್ಲಿ ಕಾಣಿಸಿಕೊಳ್ಳುವ ದಿನಕ್ಕೂ ನಡುವೆ ಕೆಲವು ದಿನಗಳ ಅಂತರವಿರುವುದರಿಂದ, ಒಂದು ದಿನದ ಪರೀಕ್ಷೆ ಆ ದಿನದ ಸ್ಥಿತಿಯನ್ನಷ್ಟೇ ಹೇಳುತ್ತದೆ. ಆದಕಾರಣವೇ ರೋಗಲಕ್ಷಣಗಳಿಲ್ಲದವರನ್ನೂ ಸರದಿಯಂತೆ ಮತ್ತೆ ಮತ್ತೆ ಪರೀಕ್ಷಿಸುವ ಕ್ರಮ, ಅಂದರೆ ಕಣ್ಗಾವಲು ಪರೀಕ್ಷೆ, ಮೊದಲ ದಿನದಿಂದಲೇ ವ್ಯಾಪಕವಾಗಿ ನಡೆಯಬೇಕಿತ್ತು. ಕ್ಯಾಂಪಸ್ಸಿನ ಹೊರಗೆ ಮಾಸ್ಕ್ ಇಲ್ಲದೆ ನಡೆದ ಕೂಟಗಳೇ ಇದಕ್ಕೆ ಮೂಲವೆಂಬ ವಿವರಣೆ ನಿಜವೇ ಇರಬಹುದು; ಆದರೆ ತಿಂಗಳುಗಟ್ಟಲೆ ಮನೆಯಲ್ಲಿ ಕೂಡಿಹಾಕಲ್ಪಟ್ಟಿದ್ದ ಸಾವಿರಾರು ಯುವಕ ಯುವತಿಯರು ಮತ್ತೆ ಕಲೆತಾಗ ಸಂಜೆಯ ಹೊತ್ತು ಒಬ್ಬೊಬ್ಬರೇ ಕೋಣೆಯಲ್ಲಿ ಕುಳಿತಿರುತ್ತಾರೆಂದು ನಂಬಿದ ಯೋಜನೆಗೆ ಯೋಜನೆಯೆಂಬ ಹೆಸರು ಸಲ್ಲುವುದೇ ಎಂಬುದು ಬೇರೆಯೇ ಪ್ರಶ್ನೆ. ವಿದ್ಯಾರ್ಥಿಗಳ 'ಆಬ್ಸರ್ವರ್' ಪತ್ರಿಕೆ ಮುಖಪುಟದಲ್ಲೇ ಸಂಪಾದಕೀಯ ಬರೆದು, ತಮ್ಮಿಂದ ಮರಣವಾರ್ತೆಗಳನ್ನು ಬರೆಸಬೇಡಿರೆಂದು ಬೇಡಿಕೊಂಡಿರುವುದು ಆ ವಯಸ್ಸಿನವರೆಲ್ಲ ಹೊಣೆಗೇಡಿಗಳಲ್ಲವೆಂಬುದಕ್ಕೆ ಸಾಕಷ್ಟು ಸಾಕ್ಷಿ.

ಕ್ಯಾಥೊಲಿಕ್ ಸಂಸ್ಥೆಯೊಂದು ಈ ವಿಷಯದಲ್ಲಿ ಉಳಿದವರಿಗಿಂತ ಹೆಚ್ಚು ಸ್ಪಷ್ಟವಾಗಿ ಯೋಚಿಸಬಲ್ಲದು, ಏಕೆಂದರೆ ಅದಕ್ಕೆ ಬೇಕಾದ ಪರಿಕಲ್ಪನೆಗಳು ಧರ್ಮಸಭೆಯ ಸಾಮಾಜಿಕ ಬೋಧನೆಯಲ್ಲೇ ಇವೆ. ನಿರ್ಧಾರದ ಒಳಿತು ಕೆಡುಕನ್ನು ಅಳೆಯುವಾಗ ಬಡವರನ್ನೂ ದುರ್ಬಲರನ್ನೂ ಮೊದಲು ಎಣಿಸಬೇಕೆಂಬುದು ಅವುಗಳಲ್ಲೊಂದು. ಕೆಳಗಿನ ಹಂತದವರು ತಾವೇ ನಿಭಾಯಿಸಬಲ್ಲ ವಿಷಯವನ್ನು ಮೇಲಿನ ಹಂತದವರು ಕಸಿದುಕೊಳ್ಳಬಾರದೆಂಬುದು ಇನ್ನೊಂದು. 1931ರಲ್ಲಿ ಪೋಪ್ 11ನೆಯ ಪಯಸ್ ತಮ್ಮ ಪರಿಪತ್ರದಲ್ಲಿ ವಿವರಿಸಿದ ಈ ತತ್ತ್ವವನ್ನು ಇಲ್ಲಿಗೆ ಅನ್ವಯಿಸಿದರೆ, ಯಾವ ಪಾಠವನ್ನು ಕೋಣೆಯಲ್ಲಿ ನಡೆಸಬೇಕು, ಯಾವುದನ್ನು ದೂರದಿಂದ ನಡೆಸಬಹುದೆಂಬುದನ್ನು ಆ ಪಾಠ ಹೇಳುವವರೇ ತೀರ್ಮಾನಿಸಬೇಕಾಗುತ್ತದೆ. ಆಗ ತಮ್ಮ ಕಾಯಿಲೆಯ ದಾಖಲೆಗಳನ್ನು ಕಚೇರಿಗೆ ಒಪ್ಪಿಸಿ ವಿನಾಯಿತಿ ಬೇಡುವ ಸ್ಥಿತಿ ಯಾವ ಅಧ್ಯಾಪಕರಿಗೂ ಬರುವುದಿಲ್ಲ.

ಸಂಸ್ಥಾಪಕ ಫಾದರ್ ಎಡ್ವರ್ಡ್ ಸೊರಿನ್ ಅವರ ಕಾಲದ ಒಂದು ಪ್ರಸಂಗವೂ ಇಲ್ಲಿ ನೆನೆಯತಕ್ಕದ್ದು. 1842ರಲ್ಲಿ ಆರಂಭವಾದ ಈ ಸಂಸ್ಥೆಗೆ 1854ರಲ್ಲಿ ಸಾಂಕ್ರಾಮಿಕ ರೋಗ ನುಗ್ಗಿ ಅವರ ಪವಿತ್ರ ಶಿಲುಬೆ (ಹೋಲಿ ಕ್ರಾಸ್) ಧಾರ್ಮಿಕ ಸಭೆಯ ಹಲವರು ತೀರಿಕೊಂಡಾಗ, ಪಕ್ಕದ ಜಮೀನಿನ ಒಡ್ಡಿನಿಂದ ನಿಂತ ನೀರಿನ ಕೆಟ್ಟ ಗಾಳಿಯೇ ಕಾರಣವೆಂದು ನಂಬಿದ ಸೊರಿನ್, ಜಮೀನಿನ ಮಾಲೀಕನೊಡನೆ ಮಾಡಿಕೊಂಡ ಒಪ್ಪಂದ ಕೈಗೂಡದಿದ್ದಾಗ, ಮುಂದಿನ ವರ್ಷ ಆಳುಗಳನ್ನು ಕಳಿಸಿ ಆ ಒಡ್ಡನ್ನೇ ಒಡೆಸಿದರು. ಕೆಟ್ಟ ಗಾಳಿಯ ಆ ಸಿದ್ಧಾಂತವನ್ನು ವೈದ್ಯಶಾಸ್ತ್ರ ಮುಂದೆ ಕೈಬಿಟ್ಟಿತು, ಮಾಲೀಕನ ಒಪ್ಪಿಗೆಯಿಲ್ಲದೆ ನಡೆದ ಆ ಕೆಲಸ ಎಷ್ಟು ನ್ಯಾಯವೆಂಬುದೂ ಚರ್ಚಾರ್ಹ. ಆದರೂ ತಮ್ಮವರಿಗೆ ಧೈರ್ಯವನ್ನು ಬೋಧಿಸುವುದರ ಬದಲು ಅವರು ಉಸಿರಾಡುವ ಪರಿಸರವನ್ನು ಬದಲಿಸಲು ಹೊರಟ ಕ್ರಮ ಸರಿಯಾಗಿತ್ತು. ಮುಚ್ಚಿದ ಕೋಣೆಗಳಲ್ಲಿ ಬಾಯಿ ಮೂಗುಗಳಿಂದ ಹೊರಬಿದ್ದ ಅತಿಸೂಕ್ಷ್ಮ ಕಣಗಳು ಗಾಳಿಯಲ್ಲಿ ತೇಲುತ್ತ ಸೋಂಕು ಹರಡುವ ಸಾಧ್ಯತೆಯನ್ನು ವಿಶ್ವ ಆರೋಗ್ಯ ಸಂಸ್ಥೆ ಕಳೆದ ಜುಲೈನಲ್ಲಿ ಒಪ್ಪಿಕೊಂಡ ಮೇಲಂತೂ, ಕಿಟಕಿ, ಗಾಳಿಯ ಶೋಧಕ, ಕೋಣೆಯಲ್ಲಿ ಕುಳಿತಿರುವವರ ಸಂಖ್ಯೆ ಇವು ಮೇಜು ಒರೆಸುವ ದ್ರಾವಣಕ್ಕಿಂತ ಮುಖ್ಯವಾಗುತ್ತವೆ. ವಸತಿನಿಲಯಗಳ ಪುಟ್ಟ ಪ್ರಾರ್ಥನಾಲಯಗಳಿಗೂ ಇದು ಅನ್ವಯಿಸುತ್ತದೆ. ಒಟ್ಟಾಗಿ ಹಾಡುವ ಬಲಿಪೂಜೆಯನ್ನು ಬಯಲಿಗೆ ತರುವುದರಿಂದ ಭಕ್ತಿಗೆ ಯಾವ ಕೊರತೆಯೂ ಆಗದು.

ಸೆಪ್ಟೆಂಬರ್ 2ರಿಂದ ತರಗತಿಗಳನ್ನು ಮತ್ತೆ ಆರಂಭಿಸುವ ಮುನ್ನ, ಸೋಂಕಿತರ ಸಂಖ್ಯೆಯೂ ಪ್ರತ್ಯೇಕವಾಸಕ್ಕೆ ಮೀಸಲಿಟ್ಟ ಹಾಸಿಗೆಗಳ ಭರ್ತಿಯೂ ಯಾವ ಮಟ್ಟ ಮುಟ್ಟಿದರೆ ಕ್ಯಾಂಪಸ್ಸನ್ನು ಮುಚ್ಚಲಾಗುವುದೆಂಬುದನ್ನು ತಾವು ಬರಹದಲ್ಲಿ ಪ್ರಕಟಿಸಬೇಕು. ಆ ಮಟ್ಟವನ್ನು ಗೊತ್ತುಪಡಿಸುವ ಸಭೆಯಲ್ಲಿ ಸೇಂಟ್ ಜೋಸೆಫ್ ಕೌಂಟಿಯ ಆರೋಗ್ಯಾಧಿಕಾರಿಗಳ ಜೊತೆಗೆ ಊಟದ ಮನೆಯ ಮತ್ತು ಸ್ವಚ್ಛತಾ ವಿಭಾಗದ ಕೆಲಸಗಾರರ ಪ್ರತಿನಿಧಿಗಳಿಗೂ ಮತದ ಹಕ್ಕಿರಬೇಕು. ಈ ಕೆಲಸಗಾರರಲ್ಲಿ ಯಾರಾದರೂ ಸೋಂಕಿನಿಂದಾಗಿ ಮನೆಯಲ್ಲಿ ಉಳಿದರೆ ಆ ದಿನಗಳ ಸಂಬಳ ಪೂರ್ತಿಯಾಗಿ ಸಲ್ಲುವುದೆಂಬ ಮಾತೂ ಅದೇ ಪ್ರಕಟಣೆಯಲ್ಲಿ ಇರಬೇಕು.