ಹತ್ತು ತಿಂಗಳ ಅಡ್ವಾನ್ಸು

ಬೆಂಗಳೂರಿನಲ್ಲಿ ಬಾಡಿಗೆ ಜಾಸ್ತಿ ಅನ್ನೋದು ಬರೆದೂ ಬರೆದೂ ಸವೆದು ಹೋದ ವಿಷಯ. ನಾನು ಅದನ್ನು ಬರೆಯಲು ಕೂತಿಲ್ಲ. ಬಾಡಿಗೆಯನ್ನು ಹೇಗೋ ತಿಂಗಳ ಸಂಬಳದಲ್ಲಿ ಸರಿದೂಗಿಸಬಹುದು ಸ್ವಾಮಿ. ಊರಿಂದ ಸಂಸಾರ ಕರೆತರಲು ಹೊರಟವನನ್ನು ಬಾಗಿಲಲ್ಲೇ ತಡೆದು ನಿಲ್ಲಿಸುವುದು ಅಡ್ವಾನ್ಸು. ಈ ಮೂರು ತಿಂಗಳಲ್ಲಿ ಅದರ ಬಗ್ಗೆ ನನಗಾದಷ್ಟು ಜ್ಞಾನೋದಯ ನಾಲ್ಕು ವರ್ಷದ ಇಂಜಿನಿಯರಿಂಗಿನಲ್ಲಿ ಆಗಿರಲಿಲ್ಲ.

ನನ್ನ ಕಥೆ ಬಹಳ ಜನರದ್ದೇ. 2020ರ ಮಾರ್ಚಿನಲ್ಲಿ ಕೊರೋನಾ ಬಂತು, ಲ್ಯಾಪ್‌ಟಾಪ್ ಹೊತ್ತು ಶಿವಮೊಗ್ಗಕ್ಕೆ ಹೋದೆ. ಅಲ್ಲೇ ಮದುವೆಯಾಯ್ತು, ಮಗಳು ಹುಟ್ಟಿದಳು, ಅಮ್ಮನ ಕೈಯಡುಗೆ ತಿಂದು ಹೊಟ್ಟೆಯೂ ಬಂತು. ಆಮೇಲೆ ಆಫೀಸಿನಿಂದ ಮೊದಲು ವಾರಕ್ಕೆರಡು ದಿನ, ನಂತರ ಮೂರು, ಕೊನೆಗೆ ಐದೂ ದಿನ ಬನ್ನಿ ಅಂತ ಮೇಲ್. ಒಂದು ವರ್ಷ ಗೆಳೆಯರ ಜೊತೆ ಮನೆ ಹಂಚಿಕೊಂಡು, ಶುಕ್ರವಾರ ರಾತ್ರಿ ಬಸ್ಸು, ಭಾನುವಾರ ರಾತ್ರಿ ಬಸ್ಸು ಅಂತ ಓಡಾಡಿದೆ. ಒಂದು ಶನಿವಾರ ಬೆಳಿಗ್ಗೆ ಮನೆ ಬಾಗಿಲಿಗೆ ಹೋದರೆ ಮಗಳು ಅಮ್ಮನ ಸೆರಗಿನ ಹಿಂದೆ ಹೋಗಿ ನಿಂತಳು. ಅವತ್ತೇ ಹೆಂಡತಿ ಹೇಳಿದಳು, "ಇನ್ನು ಸಾಕು, ಎಲ್ಲರೂ ಬರ್ತೀವಿ."

ಸರಿ, ಹುಡುಕಾಟ ಶುರು. ನಮ್ಮ ಆಫೀಸು ಕುಂದಲಹಳ್ಳಿ ಹತ್ತಿರ. ಆ ಕಡೆ ನಾವು ನೋಡಿದ ಎರಡು ಬೆಡ್‌ರೂಮಿನ ಮನೆಗಳು 38,000ಕ್ಕಿಂತ ಕೆಳಗೆ ಇಳಿಯಲಿಲ್ಲ. ಅಮ್ಮನಿಗೆ ಮಂಡಿ ನೋವು, ಲಿಫ್ಟ್ ಇಲ್ಲದ ಮೂರನೇ ಮಹಡಿ ಆಗುವುದಿಲ್ಲ. ನೀರು ಕಾವೇರಿಯದ್ದೋ ಬೋರಿನದ್ದೋ ಕೇಳಲೇಬೇಕು. 2024ರ ಬೇಸಿಗೆಯಲ್ಲಿ ಟ್ಯಾಂಕರಿಗೆ ಕಾದವರಿಗೆ ಇದನ್ನು ವಿವರಿಸಬೇಕಿಲ್ಲ. ಇನ್ನು ಓನರುಗಳ ಪ್ರಶ್ನೆಗಳು. ಒಬ್ಬ ಆಂಟಿ ಮನೆಯೆಲ್ಲ ತೋರಿಸಿ, ಕಾಫಿ ಕೊಟ್ಟು, "ಬೇಜಾರು ಮಾಡ್ಕೋಬೇಡಿ, ನೀವು ಯಾವ ಜನ ಅಂತ ಗೊತ್ತಾಗ್ಲಿಲ್ಲ" ಅಂದರು. ನಾನು ಬೇಜಾರು ಮಾಡಿಕೊಂಡೆ. ಕಾಫಿ ಪೂರ್ತಿ ಕುಡಿಯಲಿಲ್ಲ. ಅದರ ಬಗ್ಗೆ ಇನ್ನೊಮ್ಮೆ ಬರೆಯುತ್ತೇನೆ, ಈಗ ಬರೆದರೆ ಬೈಗುಳವೇ ಆಗುತ್ತದೆ.

ಕೊನೆಗೆ ಮನೆ ಸಿಕ್ಕಿದ್ದು ಕೆಂಗೇರಿಯಲ್ಲಿ. ನೆಲಮಹಡಿ, 20,000 ಬಾಡಿಗೆ. 2023ರ ಅಕ್ಟೋಬರಿನಿಂದ ನೇರಳೆ ಮಾರ್ಗ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ ಒಂದೇ ರೈಲು, ಇಳಿದು ಹತ್ತುವ ರಗಳೆ ಇಲ್ಲ. ಅಮ್ಮನಿಗೂ ಇಷ್ಟವಾಯ್ತು. ಆಗ ಓನರ್ ಅಂಕಲ್ ಹೇಳಿದರು, "ಅಡ್ವಾನ್ಸು ಎರಡು ಲಕ್ಷ, ಬಿಡುವಾಗ ಪೇಂಟಿಂಗಿಗೆ ಒಂದು ತಿಂಗಳ ಬಾಡಿಗೆ ಹಿಡ್ಕೋತೀವಿ."

ಈಗ ಲೆಕ್ಕ ನೋಡಿ. ಅಡ್ವಾನ್ಸು 2,00,000. ಮೊದಲ ತಿಂಗಳ ಬಾಡಿಗೆ 20,000. ಬ್ರೋಕರಿಗೆ 20,000. ಶಿವಮೊಗ್ಗದಿಂದ ಸಾಮಾನು ತಂದ ಲಾರಿಗೆ 16,000. ಒಟ್ಟು 2,56,000. ಇಷ್ಟು ದುಡ್ಡು ಒಂದೇ ವಾರದಲ್ಲಿ ಕೈಯಲ್ಲಿರಬೇಕು, ಅದೂ ಒಂದು ಹಾಲಿನ ಪ್ಯಾಕೆಟ್ ತರುವ ಮೊದಲು. ಹಳೇ ಮನೆಯ ಅಡ್ವಾನ್ಸಿನಲ್ಲಿ ನನ್ನ ಪಾಲು 60,000 ಇತ್ತಲ್ಲ, ಅದು ಬರಬೇಡವೇ? ಆ ಓನರು ಹೇಳಿದ್ದು, "ಹೊಸಬರು ಬಂದು ಅಡ್ವಾನ್ಸ್ ಕೊಟ್ಟ ಮೇಲೆ ಕೊಡ್ತೀನಿ." ಅಂದರೆ ನನ್ನ ದುಡ್ಡು ಅವರ ಹತ್ತಿರ ಇರಲೇ ಇಲ್ಲ! ಅವರು ಅದನ್ನು ಯಾವತ್ತೋ ಖರ್ಚು ಮಾಡಿದ್ದರು. ಮುಂದಿನವನು ಕೊಟ್ಟದ್ದು ಹಿಂದಿನವನಿಗೆ, ಅವನ ಮುಂದಿನವನದ್ದು ಅವನಿಗೆ... ಊರಲ್ಲಿ ಚೀಟಿ ನಡೆಸುವವರೂ ಇದಕ್ಕಿಂತ ಶಿಸ್ತಿನಲ್ಲಿರುತ್ತಾರೆ.

ಅಮ್ಮ ಬಳೆ ಬಿಚ್ಚಿ ಕೊಟ್ಟರು. ನಾನು ಬೇಡ ಅಂದೆ, ಆದರೆ ಬಹಳ ಗಟ್ಟಿಯಾಗೇನೂ ಅನ್ನಲಿಲ್ಲ, ನಿಜ ಹೇಳಬೇಕಲ್ಲ. ಬ್ಯಾಂಕಿನಲ್ಲಿ ಅಡವಿಟ್ಟು 1,20,000 ತಂದೆ, ಬಡ್ಡಿ ತಿಂಗಳಿಗೆ 1,000. ಉಳಿದ 80,000ಕ್ಕೆ ಎಫ್‌ಡಿ ಮುರಿಸಿದೆ, ಶೇ. 7ರ ಲೆಕ್ಕದಲ್ಲಿ ತಿಂಗಳಿಗೆ ಸುಮಾರು 467 ರೂಪಾಯಿ ಬಡ್ಡಿ ಖೋತಾ. ಎರಡು ವರ್ಷ ಇದ್ದರೆ ಪೇಂಟಿಂಗಿನ 20,000 ತಿಂಗಳಿಗೆ 833 ಆಯ್ತು. ಅಲ್ಲಿಗೆ ಇಪ್ಪತ್ತು ಸಾವಿರದ ಮನೆ 22,300ರ ಮನೆ. ಇದರ ಮೇಲೆ ಮೆಟ್ರೋ. 2025ರ ಫೆಬ್ರವರಿಯಲ್ಲಿ ಗರಿಷ್ಠ ದರ 60ರಿಂದ 90ಕ್ಕೆ ಏರಿತು. ಹೋಗಿ ಬರಲು 180, ತಿಂಗಳಿಗೆ 22 ದಿನ ಅಂದರೆ 3,960, ಕಾರ್ಡಿನ ರಿಯಾಯಿತಿ ಸೇರಿದರೆ ಸ್ವಲ್ಪ ಕಡಿಮೆ. ಆದರೂ 38,000ಕ್ಕಿಂತ ಅಗ್ಗವೇ, ಒಪ್ಪಿಕೊಳ್ಳುತ್ತೇನೆ. ಇದರಲ್ಲಿ ನನ್ನ ದಿನಕ್ಕೆ ಮೂರು ಗಂಟೆಯ ಬೆಲೆ ಸೇರಿಸಿಲ್ಲ ಅಷ್ಟೇ :)

ನನಗೆ ಬಳೆಯಾದರೂ ಇತ್ತು. ನಮ್ಮ ಆಫೀಸಿನ ಸೆಕ್ಯುರಿಟಿಯವರೊಬ್ಬರು ಆರು ವರ್ಷದಿಂದ ನಾಲ್ಕು ಜನರ ಜೊತೆ ಒಂದು ರೂಮಿನಲ್ಲಿದ್ದಾರೆ, ಹೆಂಡತಿ ಮಕ್ಕಳು ಹಾವೇರಿ ಕಡೆ ಹಳ್ಳಿಯಲ್ಲಿ. "ಬಾಡಿಗೆ ಎಂಟು ಸಾವಿರ ಹೆಂಗಾರ ಕೊಡ್ತೀನಿ ಸರ, ಎಂಬತ್ತು ಸಾವಿರ ಒಮ್ಮೆಲೆ ಎಲ್ಲಿಂದ ತರ್ಲಿ?" ಅಂದರು. ಅವರ ಸಂಸಾರ ಎರಡು ಊರಲ್ಲಿ ಹರಿದು ಹಂಚಿರುವುದು ಬಾಡಿಗೆಯಿಂದಲ್ಲ, ಅಡ್ವಾನ್ಸಿನಿಂದ. ನಾನು ಹೇಳಬೇಕು ಅಂದುಕೊಂಡಿದ್ದು ಇದೇ.

ಓನರುಗಳೆಲ್ಲ ರಾಕ್ಷಸರು ಅನ್ನುತ್ತಿಲ್ಲ. ನಮ್ಮ ಈಗಿನ ಅಂಕಲ್ ನಿವೃತ್ತ ಮೇಷ್ಟ್ರು, ಸಾಲ ಮಾಡಿ ಕಟ್ಟಿದ ಮನೆ. ಹಿಂದೆ ಇದ್ದವನೊಬ್ಬ ಏಳು ತಿಂಗಳು ಬಾಡಿಗೆ ಕೊಡದೆ ಕೂತಿದ್ದನಂತೆ. "ಕೋರ್ಟಿಗೆ ಹೋದ್ರೆ ನನ್ನ ಕಾಲ ಮುಗಿದ ಮೇಲೆ ತೀರ್ಪು ಬರುತ್ತೆ ಕಣಪ್ಪ, ಅಡ್ವಾನ್ಸೇ ನನ್ನ ಕೋರ್ಟು" ಅಂದರು. ತಪ್ಪು ಅಂತ ಹೇಗೆ ಹೇಳಲಿ? ಆದರೆ ಹಾಗಿದ್ದರೆ ಸರಿಯಾಗಬೇಕಾದ್ದು ಕೋರ್ಟಲ್ಲವೇ? ಅದರ ದಂಡವನ್ನು ಹೊಸದಾಗಿ ಊರಿಗೆ ಬಂದವನು ಯಾಕೆ ಕಟ್ಟಬೇಕು?

ಇದಕ್ಕೆ ದಾರಿ ಕಾಗದದ ಮೇಲೆ ಇದೆ. ಕೇಂದ್ರ ಸಂಪುಟ 2021ರ ಜೂನ್‌ನಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ವಾಸದ ಮನೆಗೆ ಎರಡು ತಿಂಗಳಿಗಿಂತ ಹೆಚ್ಚು ಡೆಪಾಸಿಟ್ ಕೇಳುವಂತಿಲ್ಲ. ಹಾಗೆಯೇ ಓನರ ಕಡೆಗೂ ನೋಡಿದ್ದಾರೆ. ಅವಧಿ ಮುಗಿದರೂ ಮನೆ ಬಿಡದವನು ಮೊದಲ ಎರಡು ತಿಂಗಳು ಎರಡರಷ್ಟು, ಆಮೇಲೆ ನಾಲ್ಕರಷ್ಟು ಬಾಡಿಗೆ ಕಟ್ಟಬೇಕು, ತಕರಾರಿಗೆ ಪ್ರತ್ಯೇಕ ನ್ಯಾಯಮಂಡಳಿ. ಆದರೆ ಅದು ಮಾದರಿ ಮಾತ್ರ, ರಾಜ್ಯ ತಾನೇ ಕಾನೂನು ಮಾಡಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಪಕ್ಕದ ತಮಿಳುನಾಡು 2017ರಲ್ಲೇ ಕಾಯ್ದೆ ಮಾಡಿ ಮೂರು ತಿಂಗಳು ಅಂದಿತು. ಅಗ್ರಿಮೆಂಟಿನಲ್ಲಿ ಬೇರೆ ರೀತಿ ಬರೆದುಕೊಂಡರೆ ಬೇರೆ ಮಾತು ಅಂತ ಒಂದು ಕಿಂಡಿಯನ್ನೂ ಬಿಟ್ಟಿತು. ನಮ್ಮ 1999ರ ಕರ್ನಾಟಕ ಬಾಡಿಗೆ ಕಾಯ್ದೆ ಮಾಡಿದಾಗ, ಬೆಂಗಳೂರಿನಂಥ ಊರಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಮನೆಗೆ ಅದು ಅನ್ವಯಿಸುವುದಿಲ್ಲ ಅಂತ ಬರೆದಿಟ್ಟರು. 3,500ಕ್ಕೆ ಈಗ ಕಾರು ನಿಲ್ಲಿಸಲು ಜಾಗ ಸಿಕ್ಕರೆ ಪುಣ್ಯ.

ಕಾನೂನು ಬರುವಾಗ ಬರಲಿ. ಕಂಪನಿಗಳು ಮಾಡಬಹುದಾದ್ದು ಒಂದಿದೆ. ಐದು ದಿನ ಬನ್ನಿ ಅನ್ನುವವರು ಅಡ್ವಾನ್ಸಿಗೆ ಬಡ್ಡಿಯಿಲ್ಲದ ಸಾಲ ಕೊಟ್ಟು ಸಂಬಳದಲ್ಲಿ ಮುರಿದುಕೊಳ್ಳಲಿ. ಸೆಕ್ಯುರಿಟಿಯವರಿಗೂ ಕೊಡಲಿ, ನಮಗೆ ಮಾತ್ರ ಅಲ್ಲ. ನಾನು ಎಚ್.ಆರ್. ಹುಡುಗಿಯನ್ನು ಕೇಳಿದೆ. ಹೊರಗಿನಿಂದ ಬರುವವರಿಗೆ ಹದಿನಾಲ್ಕು ದಿನ ಹೋಟೆಲ್ ವಾಸದ ಸೌಲಭ್ಯ ಇದೆಯಂತೆ, ಅಡ್ವಾನ್ಸಿಗೆ ಪಾಲಿಸಿ ಇಲ್ಲವಂತೆ. ಆ ಹದಿನಾಲ್ಕು ದಿನದ ಹೋಟೆಲ್ ಬಿಲ್ಲಿನಲ್ಲಿ ನನ್ನ ಬಳೆ ಸಾಲದ ಹತ್ತಾರು ತಿಂಗಳ ಬಡ್ಡಿ ತೀರುತ್ತಿತ್ತು. ನಿಮ್ಮ ಕಂಪನಿಯಲ್ಲಿ ಇಂಥ ಸಾಲ ಕೊಡುತ್ತಾರಾ? ಕೊಟ್ಟರೆ ತಿಳಿಸಿ, ನಮ್ಮವರಿಗೆ ಉದಾಹರಣೆ ತೋರಿಸಬೇಕು.

ಈಗ ಎಲ್ಲರೂ ಒಂದೇ ಸೂರಿನಡಿ ಇದ್ದೇವೆ. ಗೋಡೆಗೆ ಮೊಳೆ ಹೊಡೆಯುವಂತಿಲ್ಲ ಅಂದಿದ್ದಾರೆ, ಅದಕ್ಕೆ ಅಮ್ಮನ ಕ್ಯಾಲೆಂಡರ್ ಫ್ರಿಜ್ಜಿನ ಮೇಲಿದೆ. ಹಳೇ ಓನರು 45,000 ಕೊಟ್ಟಿದ್ದಾರೆ, ಇನ್ನು 15,000 ಬರಬೇಕು. ನಾಳೆ ಭಾನುವಾರ, ಮತ್ತೆ ಫೋನ್ ಮಾಡಿ ನೋಡುತ್ತೇನೆ.