ಗ್ಯಾಲರಿಗೆ ಬಂದ ಬೀದಿ, ಬಾಗಿಲಲ್ಲೇ ಉಳಿದ ವಿಳಾಸ

ರಸ್ತೆ ಕಾಮಗಾರಿಯ ಜಾಗದಲ್ಲಿ ಡಾಂಬರು ಖಾಲಿಯಾದ ಡ್ರಮ್ಮು ಕಸವಾಗುವುದಿಲ್ಲ. ತಳ ಬಿಡಿಸಿ, ಉದ್ದಕ್ಕೆ ಸೀಳಿ, ಬಡಿದು ಚಪ್ಪಟೆ ಮಾಡಿದರೆ ಒಂದು ತಗಡು ಸಿಕ್ಕಿತು. ಅಂಥ ಹತ್ತಾರು ತಗಡು ನಿಲ್ಲಿಸಿ, ಮೇಲೊಂದು ಟಾರ್ಪಾಲು ಎಳೆದು ಕಟ್ಟಿದರೆ ಕೂಲಿಯವರ ಸಂಸಾರಕ್ಕೆ ಗುಡಾರ. ರಸ್ತೆ ಮುಂದೆ ಸರಿದಂತೆ ಗುಡಾರವೂ ಸರಿಯುತ್ತದೆ. ಭದ್ರಾವತಿಯಲ್ಲಿ ಹುಟ್ಟಿ, ಬೆಂಗಳೂರಿನ ಕೆನ್ ಕಲಾಶಾಲೆಯಲ್ಲಿ ಕಲಿತ ಶೀಲಾ ಗೌಡ 2006ರಲ್ಲಿ ಈ ಡ್ರಮ್ಮುಗಳಿಂದಲೇ ‘ಡಾರ್ಕ್‌ರೂಮ್’ ಎಂಬ ಕೃತಿ ಕಟ್ಟಿದರು. ಎದುರಿಗೆ ಒಂದರ ಮೇಲೊಂದು ನಿಲ್ಲಿಸಿದ ಡ್ರಮ್ಮುಗಳು ಅರಮನೆಯ ಕಂಬಗಳ ಗತ್ತಿನಲ್ಲಿವೆ. ಒಳಗೆ ಹೋಗಬೇಕಾದರೆ ಮಾತ್ರ ಮೈ ಬಗ್ಗಿಸಬೇಕು. ಹೋದ ಮೇಲೆ ಕತ್ತಲು. ತಲೆ ಎತ್ತಿದರೆ ತಗಡಿನ ಸೂರಿಗೆ ಕೊರೆದ ಸಣ್ಣ ಸಣ್ಣ ತೂತುಗಳಲ್ಲಿ ಬೆಳಕು ಚುಕ್ಕಿಚುಕ್ಕಿಯಾಗಿ ಕಾಣುತ್ತದೆ. ಡ್ರಮ್ಮಿನ ತಗಡು ಮತ್ತು ಟಾರ್ಪಾಲಿನ ಜೊತೆಗೆ ಅಭ್ರಕ ಬಳಸಿ 2008ರಲ್ಲಿ ಮಾಡಿದ ಇನ್ನೊಂದು ಕೃತಿಗೆ ಅವರು ಇಟ್ಟ ಹೆಸರು ‘ಕಾಗೆಬಂಗಾರ’.

ನಗರದ ಬೀದಿಗಳಿಂದ ಪ್ರೇರಣೆ ಪಡೆದ ಮಿಶ್ರ ಮಾಧ್ಯಮದ ಪ್ರದರ್ಶನಗಳು ಬೆಂಗಳೂರು, ಮುಂಬೈ, ದೆಹಲಿಯ ಗ್ಯಾಲರಿಗಳಲ್ಲಿ ಈಗ ಅಪರೂಪವಲ್ಲ. ತುಕ್ಕು ಹಿಡಿದ ತಗಡು, ಅರ್ಧ ಹರಿದ ಸಿನಿಮಾ ಪೋಸ್ಟರು, ಬಸ್ ಟಿಕೆಟ್ಟು, ಆಟೊದ ಹಳದಿ ಹಸಿರು, ತಂತಿಯ ಗೋಜಲು ಇವೆಲ್ಲ ಕ್ಯಾನ್ವಾಸಿಗೆ ಅಂಟಿ, ಚೌಕಟ್ಟು ಹಾಕಿಸಿಕೊಂಡು ಬಿಳಿ ಗೋಡೆಯ ಮೇಲೆ ನಿಲ್ಲುತ್ತವೆ. ಇವುಗಳಲ್ಲಿ ನೋಡಲು ಸೊಗಸಾದವೂ ಬಹಳ ಇವೆ. ಕೊರತೆ ಸೊಗಸಿನದಲ್ಲ. ಆ ತಗಡು ಯಾವ ಅಂಗಡಿಯದು, ಪೋಸ್ಟರು ಯಾವ ಗೋಡೆಯದು, ಅದನ್ನು ಅಂಟಿಸಿದವರು ಯಾರು, ಹರಿದವರು ಯಾರು ಎಂಬುದು ಕೃತಿಯಲ್ಲೂ ಇರುವುದಿಲ್ಲ, ಪಕ್ಕದ ಫಲಕದಲ್ಲೂ ಇರುವುದಿಲ್ಲ. ಬೀದಿಯ ಬಣ್ಣ ಒಳಗೆ ಬರುತ್ತದೆ, ಬೀದಿಯ ವಿಳಾಸ ಬಾಗಿಲಲ್ಲೇ ಉಳಿಯುತ್ತದೆ. ಶೀಲಾ ಗೌಡರ ತಗಡು ಹಾಗಲ್ಲ. ಅದರ ಮುಂದೆ ನಿಂತವರು ಅದರಡಿ ಮಲಗಿದವರನ್ನು ಮರೆಯಲಾರರು, ಏಕೆಂದರೆ ಬಗ್ಗಿ ಒಳಗೆ ಹೋಗುವಾಗ ಅವರ ಮೈಯೂ ಅದೇ ಗುಡಾರದ ಅಳತೆಗೆ ಒಗ್ಗಬೇಕಾಗುತ್ತದೆ.

ಬೀದಿಯ ವಸ್ತುವನ್ನು ಕಲೆಯ ಒಳಗೆ ತರುವ ರೂಢಿಗೆ ನೂರು ವರ್ಷ ದಾಟಿದೆ. ಮೊದಲ ಮಹಾಯುದ್ಧ ಮುಗಿದ ಹೊತ್ತಿನಲ್ಲಿ ಜರ್ಮನಿಯ ಹ್ಯಾನೋವರ್‌ನಲ್ಲಿ ಕುರ್ಟ್ ಶ್ವಿಟರ್ಸ್ ಟ್ರಾಮ್ ಟಿಕೆಟ್ಟು, ಹೊದಿಕೆ ಕಾಗದ, ಮರದ ಚೂರು ಆಯ್ದು ಚಿತ್ರ ಮಾಡತೊಡಗಿದ್ದರು. ನ್ಯೂಯಾರ್ಕಿನ ಜಡ್ಸನ್ ಚರ್ಚಿನ ನೆಲಮಾಳಿಗೆಯಲ್ಲಿ 1960ರಲ್ಲಿ ಕ್ಲೇಸ್ ಓಲ್ಡನ್‌ಬರ್ಗ್ ರಟ್ಟು, ಗೋಣಿ, ಸುದ್ದಿಪತ್ರಿಕೆಗಳಿಂದ ‘ದಿ ಸ್ಟ್ರೀಟ್’ ಎಂಬ ಪ್ರದರ್ಶನವನ್ನೇ ಕಟ್ಟಿದರು. ಅಂಚು ಸುಟ್ಟಂತೆ ಕಪ್ಪು ಬಳಿದ ರಟ್ಟಿನ ಮನುಷ್ಯರು, ಕಾಲಿಗೆ ತೊಡರುವ ಕಸ. ಅಲ್ಲಿ ಬೀದಿಯ ಸೊಗಸಿಗಿಂತ ಅದರ ಬಡತನ ಎದ್ದು ಕಾಣುತ್ತಿತ್ತು.

ಆದರೆ ವಿಳಾಸದ ಮಾತು ಬಂದಾಗ ಹೆಚ್ಚು ಹೊತ್ತು ನಿಲ್ಲಬೇಕಾದದ್ದು ಪ್ಯಾರಿಸಿನಲ್ಲಿ. ಜಾಕ್ ವಿಲ್ಲೆಗ್ಲೇ ಮತ್ತು ರೇಮೊಂ ಹ್ಯಾನ್ಸ್ ಎಂಬ ಗೆಳೆಯರು 1949ರಿಂದ ಆ ಊರಿನ ಗೋಡೆಗಳಲ್ಲಿ ಪದರ ಪದರವಾಗಿ ಅಂಟಿದ್ದ, ಯಾರ‍್ಯಾರೋ ಹರಿದಿದ್ದ ಪೋಸ್ಟರುಗಳನ್ನು ಇಡಿಯಾಗಿ ಬಿಡಿಸಿ ತಂದು ಕ್ಯಾನ್ವಾಸಿಗೆ ಅಂಟಿಸಿದರು. ತಾವೇನೂ ಬರೆಯಲಿಲ್ಲ, ಬಣ್ಣ ಹಚ್ಚಲಿಲ್ಲ. ಈ ಕೃತಿಗಳ ನಿಜವಾದ ಕರ್ತೃ ದಾರಿಹೋಕರೇ ಎಂದು ವಿಲ್ಲೆಗ್ಲೇ ಸಿದ್ಧಾಂತವನ್ನೇ ಕಟ್ಟಿದರು. ಪೋಸ್ಟರು ಸಿಕ್ಕ ರಸ್ತೆಯ ಹೆಸರು ಮತ್ತು ತಾರೀಖನ್ನು ಎಷ್ಟೋ ಕೃತಿಗಳಿಗೆ ಶೀರ್ಷಿಕೆಯಾಗಿ ಇಟ್ಟರು. ಇಬ್ಬರೂ 1957ರಲ್ಲಿ ಗ್ಯಾಲರಿಯೊಂದರಲ್ಲಿ ಪ್ರದರ್ಶನ ಮಾಡಿದಾಗ ಅದಕ್ಕೆ ಕೊಟ್ಟ ಹೆಸರು ‘1881ರ ಜುಲೈ 29ರ ಕಾಯ್ದೆ’. ಪೋಸ್ಟರು ಅಂಟಿಸಬಾರದೆಂದು ಫ್ರಾನ್ಸಿನ ಗೋಡೆಗಳ ಮೇಲೆ ಬರೆಸುತ್ತಿದ್ದ ಎಚ್ಚರಿಕೆಯಲ್ಲಿ ಇರುತ್ತಿದ್ದದ್ದು ಅದೇ ಕಾಯ್ದೆಯ ಉಲ್ಲೇಖ. ಗೋಡೆಯ ಮೇಲೆ ಯಾರಿಗೆ ಹಕ್ಕು ಎಂಬ ಜಗಳ ಹೀಗೆ ಪ್ರದರ್ಶನದ ಬಾಗಿಲಿನ ಮೇಲೆಯೇ ಬರೆದಿತ್ತು.

ಸರಿಯಾಗಿ ನೂರು ವರ್ಷ ಕಳೆದು ನಮ್ಮ ರಾಜ್ಯಕ್ಕೂ ಅಂಥದೊಂದು ಕಾನೂನು ಬಂತು. ಕರ್ನಾಟಕ ತೆರೆದ ಸ್ಥಳಗಳ ವಿರೂಪ ತಡೆ ಅಧಿನಿಯಮ, 1981. ಅನುಮತಿಯಿಲ್ಲದೆ ಸಾರ್ವಜನಿಕರಿಗೆ ಕಾಣುವ ಜಾಗದಲ್ಲಿ ಜಾಹೀರಾತು ಅಂಟಿಸಿದರೆ, ಬರೆದರೆ ಆರು ತಿಂಗಳವರೆಗೆ ಜೈಲು ಅಥವಾ ಸಾವಿರ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಬೆಂಗಳೂರಿನ ಗೋಡೆಗಳ ಮುಂದಿನ ಚರಿತ್ರೆಯನ್ನು ಈ ಕಾನೂನಿನ ಪಕ್ಕದಲ್ಲಿಟ್ಟು ಓದಬೇಕು. ಕೈಯಲ್ಲಿ ಬರೆಯುತ್ತಿದ್ದ ಸಿನಿಮಾ ಬ್ಯಾನರುಗಳ ಜಾಗಕ್ಕೆ ಫ್ಲೆಕ್ಸ್ ಬಂತು, ಗಾಂಧಿನಗರದ ಬ್ಯಾನರ್ ಕಲಾವಿದರ ಕೆಲಸ ಹೋಯಿತು. 2009ರಲ್ಲಿ ಬಿಬಿಎಂಪಿ ಅಂಥದೇ ಕಲಾವಿದರನ್ನು ಕರೆಸಿ, ರಸ್ತೆ ಬದಿಯ ಗೋಡೆಗಳ ಮೇಲೆ ನಾಡಿನ ಸ್ಮಾರಕ, ಕಾಡುಪ್ರಾಣಿಗಳ ಚಿತ್ರ ಬರೆಸಿತು. ಪೋಸ್ಟರು ಅಂಟಿಸುವುದು ನಿಲ್ಲಲಿ, ಗೋಡೆಯ ಬುಡದಲ್ಲಿ ಗಲೀಜು ಮಾಡುವುದು ತಪ್ಪಲಿ ಎಂಬುದು ಉದ್ದೇಶ. 2018ರ ಆಗಸ್ಟಿನಲ್ಲಿ ಹೈಕೋರ್ಟ್ ತರಾಟೆಗೆ ತೆಗೆದುಕೊಂಡ ಮೇಲೆ ಫ್ಲೆಕ್ಸುಗಳೂ ಸಾವಿರಗಟ್ಟಲೆ ಇಳಿದವು.

ಆ ಫ್ಲೆಕ್ಸ್ ಕೂಡ ಬೀದಿಯ ಒಂದು ಚಿತ್ರಶೈಲಿಯೇ. ಮೇಲೆ ದೊಡ್ಡ ನಾಯಕರ ಮುಖ, ಅದರ ಕೆಳಗೆ ಹುಟ್ಟುಹಬ್ಬದ ಧಣಿ ಕೈಮುಗಿದು ನಡೆದು ಬರುವ ಭಂಗಿ, ತಳದಲ್ಲಿ ‘ಶುಭ ಕೋರುವವರು’ ಎಂದು ಸಾಲಾಗಿ ಪಾಸ್‌ಪೋರ್ಟ್ ಅಳತೆಯ ಮುಖಗಳು. ಯಾರ ಮುಖ ಎಷ್ಟು ದೊಡ್ಡದು, ಯಾರ ಪಕ್ಕ ಯಾರು ಎಂಬುದರಲ್ಲೇ ಒಂದು ವಾರ್ಡಿನ ರಾಜಕೀಯವಿದೆ. ಬೆಂಗಳೂರಿನ ಕಲಾವಿದ, ಕನ್ನಡದಲ್ಲಿ ಕಲೆಯ ಬಗ್ಗೆ ನಿರಂತರವಾಗಿ ಬರೆಯುವ ರವಿಕುಮಾರ್ ಕಾಶಿ ಈ ಫ್ಲೆಕ್ಸುಗಳ ಫೋಟೊ ತೆಗೆದು 2019ರಲ್ಲಿ ‘ಫ್ಲೆಕ್ಸಿಂಗ್ ಮಸಲ್ಸ್’ ಎಂಬ ಪುಸ್ತಕ ತಂದರು. ಬೀದಿಯನ್ನು ಬರೀ ಬಣ್ಣವಾಗಿ ನೋಡದೆ ಅಧಿಕಾರದ ನಕ್ಷೆಯಾಗಿ ನೋಡಿದ ಕೆಲಸವಿದು. ಕೊಳಕು ಎಂದು ನಗರ ಕಿತ್ತೆಸೆದದ್ದರಲ್ಲಿ ಓದುವುದಕ್ಕೆ ಎಷ್ಟಿತ್ತು ಎಂದು ಅದು ತೋರಿಸುತ್ತದೆ.

ಮುಂಬೈಯ ಕಲಾವಿದ ಅತುಲ್ ದೋಡಿಯ ಅವರು ಅಂಗಡಿಯ ರೋಲಿಂಗ್ ಶಟರನ್ನು ಕ್ಯಾನ್ವಾಸ್ ಮಾಡಿಕೊಂಡದ್ದು ಇದೇ ಕಾರಣಕ್ಕೆ ದೊಡ್ಡ ಹೆಜ್ಜೆ. 2001ರಲ್ಲಿ ಲಂಡನ್ನಿನ ಟೇಟ್ ಮಾಡರ್ನ್‌ನ ‘ಸೆಂಚುರಿ ಸಿಟಿ’ ಪ್ರದರ್ಶನದ ಮುಂಬೈ ವಿಭಾಗದಲ್ಲಿ ಈ ಶಟರುಗಳಿದ್ದವು. 1992–93ರ ಗಲಭೆ, ಸ್ಫೋಟಗಳ ದಿನಗಳಲ್ಲಿ ದಡದಡನೆ ಕೆಳಗಿಳಿದ ಶಟರುಗಳ ಸದ್ದು ಕೇಳಿದ ಊರು ಅದು. ಅವರ 2002ರ ‘ಮಹಾಲಕ್ಷ್ಮಿ’ಯಲ್ಲಿ ಶಟರಿನ ಮೇಲೆ ಕ್ಯಾಲೆಂಡರಿನ ದೇವಿ. ಶಟರು ಎತ್ತಿದರೆ ಹಿಂದೆ ವರದಕ್ಷಿಣೆಯ ಭಾರಕ್ಕೆ ಹೆದರಿ ನೇಣಿಗೆ ಕೊರಳೊಡ್ಡಿದ ಮೂವರು ಅಕ್ಕತಂಗಿಯರು. ಶಟರು ಇಲ್ಲಿ ಬೀದಿಯಿಂದ ಆಯ್ದು ತಂದ ಅಲಂಕಾರವಲ್ಲ. ಬೀದಿಯಲ್ಲಿ ಮಾಡುವ ಕೆಲಸವನ್ನೇ, ಅಂದರೆ ಮುಚ್ಚುವ ತೆರೆಯುವ ಕೆಲಸವನ್ನೇ ಗ್ಯಾಲರಿಯಲ್ಲೂ ಮಾಡುತ್ತದೆ. ಕೃತಿಯ ಅರ್ಥ ಹುಟ್ಟುವುದು ಆ ಚಲನೆಯಲ್ಲಿ.

ಶೀಲಾ ಗೌಡರ ‘ಬಿಹೋಲ್ಡ್’ ಇನ್ನೂ ಮುಂದೆ ಹೋಗುತ್ತದೆ. ದೃಷ್ಟಿ ತಾಗದಿರಲೆಂದು ಗಾಡಿಯ ಬಂಪರಿಗೆ ಕೂದಲಿನ ಹಗ್ಗ ಕಟ್ಟುವುದನ್ನು ಬೆಂಗಳೂರಿನ ರಸ್ತೆಯಲ್ಲಿ ಕಾಣಬಹುದು. ದೇವಸ್ಥಾನಗಳಲ್ಲಿ ಮುಡಿ ಕೊಟ್ಟ ಉದ್ದ ಕೂದಲು ವಿಗ್‌ಗಳಿಗಾಗಿ ರಫ್ತಾಗುತ್ತದೆ, ಗಿಡ್ಡನೆಯದು ಇಂಥ ಹಗ್ಗವಾಗುತ್ತದೆ. ಅಂಥ ಸುಮಾರು 4,000 ಮೀಟರ್ ಹಗ್ಗದಲ್ಲಿ ಇಪ್ಪತ್ತು ಬಂಪರುಗಳನ್ನು ಗೋಡೆಗೆ ತೂಗುಹಾಕಿದ ಆ ಕೃತಿ 2009ರ ವೆನಿಸ್ ಬಿನಾಲೆಯಲ್ಲಿತ್ತು, ಈಗ ಟೇಟ್ ಸಂಗ್ರಹದಲ್ಲಿದೆ. ಹರಕೆ, ವ್ಯಾಪಾರ, ಚಾಲಕನ ಭಯ ಮೂರೂ ಒಂದೇ ಹಗ್ಗದಲ್ಲಿ ಹೊಸೆದುಕೊಂಡಿವೆ. ವಸ್ತುವಿನ ಹಿಂದಿನ ಜೀವನ ಗೊತ್ತಿಲ್ಲದವರಿಗೂ ಅದರ ಭಾರ ತಟ್ಟುತ್ತದೆ, ಗೊತ್ತಿರುವ ಕನ್ನಡಿಗರಿಗೆ ಅದು ಎರಡರಷ್ಟಾಗುತ್ತದೆ.

ಕಲೆಯೇನು ಪೊಲೀಸರ ಮಹಜರೇ, ಪ್ರತಿ ತುಂಡಿಗೂ ಎಲ್ಲಿ ಸಿಕ್ಕಿತು, ಯಾವಾಗ ಸಿಕ್ಕಿತು ಎಂದು ಬರೆದಿಡಲು ಎಂದು ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ರಾಬರ್ಟ್ ರೌಶೆನ್‌ಬರ್ಗ್ ನ್ಯೂಯಾರ್ಕಿನ ತಮ್ಮ ಸ್ಟುಡಿಯೊ ಸುತ್ತಲಿನ ಬೀದಿಯಲ್ಲಿ ಒಂದು ಸುತ್ತು ಹಾಕಿ, ಸಿಕ್ಕಿದ್ದರಲ್ಲಿ ಕೃತಿ ಮಾಡುತ್ತಿದ್ದರು. ಟೈರು ತೊಟ್ಟು ನಿಂತ ಅವರ ಆಡಿನ ಕೃತಿಗೆ ವಿಳಾಸದ ಚೀಟಿ ಅಂಟಿಲ್ಲ, ಅದರಿಂದ ಕೃತಿಗೆ ಕುಂದೂ ಆಗಿಲ್ಲ. ಆದರೆ ಇದೇ ಕಲಾವಿದ 1975ರಲ್ಲಿ ಅಹಮದಾಬಾದಿಗೆ ಬಂದು, ಗಾಂಧಿ ಆಶ್ರಮದ ಕಾಗದದ ಗಿರಣಿಯಲ್ಲಿ ಅಲ್ಲಿನ ಕೆಲಸಗಾರರ ಜೊತೆ ಸೇರಿ ಕೃತಿಗಳನ್ನು ಮಾಡಿದರು. ಕಾಗದದ ತಿರುಳಿಗೆ ಮೆಂತ್ಯದ ಪುಡಿ, ಹುಣಸೆಬೀಜದ ಪುಡಿ, ಸೀಮೆಸುಣ್ಣದ ಪುಡಿ, ಗೋಂದು, ಮೈಲುತುತ್ತ ಬೆರೆಸಿ ನಾದಿದ ಗಾರೆ ಅವುಗಳಲ್ಲಿ ಕೆಲವಕ್ಕೆ ಬಳಕೆಯಾಯಿತು. ಈ ಪಟ್ಟಿ ದಾಖಲೆಯಲ್ಲಿ ಉಳಿದಿರುವುದರಿಂದಲೇ ಆ ಕೃತಿಗಳು ಇಂದಿಗೂ ಗುಜರಾತಿನ ಮಣ್ಣಿಗೆ, ಮನೆಗೋಡೆಗೆ, ಕೈಗಳಿಗೆ ಸೇರಿದವಾಗಿ ಕಾಣುತ್ತವೆ. ‘ಮಿಶ್ರ ಮಾಧ್ಯಮ’ ಎಂದಷ್ಟೇ ಬರೆದಿದ್ದರೆ ಆ ನಂಟು ಎಂದೋ ಕಡಿದುಹೋಗುತ್ತಿತ್ತು. ದೆಹಲಿಯಲ್ಲಿ ವಿವಾನ್ ಸುಂದರಂ 2008ರ ‘ಟ್ರ್ಯಾಶ್’ ಪ್ರದರ್ಶನಕ್ಕಾಗಿ ಕಸದಲ್ಲೇ ಒಂದು ನಗರ ಕಟ್ಟಿದಾಗ, ಕಸ ಆಯುವವರ ಪರವಾಗಿ ದುಡಿಯುವ ‘ಚಿಂತನ್’ ಸಂಸ್ಥೆಯ ಮೂಲಕ ಆ ಕಾರ್ಮಿಕರನ್ನೇ ಜೊತೆಗೆ ಸೇರಿಸಿಕೊಂಡರು, ಅದನ್ನು ಬಚ್ಚಿಡಲಿಲ್ಲ.

ಹಣದ ಮಾತೂ ಇದೆ. ನ್ಯೂಯಾರ್ಕಿನ ಗೋಡೆಗಳ ಮೇಲೆ ಗೆಳೆಯನ ಜೊತೆ ಗೀಚುತ್ತಾ ಶುರು ಮಾಡಿದ ಜಾನ್ ಮಿಷೆಲ್ ಬಾಸ್ಕಿಯಾರ 1982ರ ಒಂದು ಕ್ಯಾನ್ವಾಸ್ 2017ರಲ್ಲಿ 11.05 ಕೋಟಿ ಡಾಲರಿಗೆ ಹರಾಜಾಯಿತು. ಗೋಡೆ ಕೊಟ್ಟ ಬೀದಿಗೆ ಅದರಲ್ಲಿ ಪಾಲಿಲ್ಲ. ಪಾಲು ಕೊಡುವ ದಾರಿ ಯಾರಿಗೂ ತೋಚಿಲ್ಲ, ನಿಜ. ಹೆಸರು ಹೇಳುವುದು ಮಾತ್ರ ಯಾರ ಕೈಮೀರಿದ್ದೂ ಅಲ್ಲ.

ವಿಳಾಸ ಬಿಟ್ಟು ಕದಲಲು ಒಪ್ಪದ ಕಲೆಯೂ ಇದೆ. ಮೈಸೂರಿನಲ್ಲಿ ಕಲೆ ಕಲಿತ ಬಾದಲ್ ನಂಜುಂಡಸ್ವಾಮಿ 2015ರ ಜೂನ್‌ನಲ್ಲಿ ಬೆಂಗಳೂರಿನ ಸುಲ್ತಾನ್‌ಪಾಳ್ಯದ ರಸ್ತೆಯಲ್ಲಿ ನೀರು ತುಂಬಿದ್ದ ಹೊಂಡದೊಳಗೆ ಸುಮಾರು 20 ಕೆ.ಜಿ. ತೂಕದ ಮೊಸಳೆಯ ಪ್ರತಿಕೃತಿ ಬಿಟ್ಟರು. ಖರ್ಚು ಆರು ಸಾವಿರ ರೂಪಾಯಿ, ಅದೂ ಕೈಯಿಂದ. ಪತ್ರಿಕೆಗಳಲ್ಲಿ ಚಿತ್ರ ಬಂತು, ದುರಸ್ತಿಯವರು ಬಂದರು. 2019ರ ಸೆಪ್ಟೆಂಬರಿನಲ್ಲಿ, ಚಂದ್ರಯಾನ–2ರ ನೌಕೆ ಇಳಿಯಲು ಕೆಲವೇ ದಿನ ಇದ್ದಾಗ, ಹೇರೋಹಳ್ಳಿ ಕಡೆಯ ತುಂಗಾನಗರ ಮುಖ್ಯರಸ್ತೆಯಲ್ಲಿ ನಟ ಪೂರ್ಣಚಂದ್ರ ಮೈಸೂರು ಅವರಿಗೆ ಗಗನಯಾತ್ರಿಯ ಉಡುಪು ತೊಡಿಸಿ ನಿಧಾನವಾಗಿ ಹೆಜ್ಜೆ ಇಡಿಸಿದರು. ಚಂದ್ರನ ನೆಲವೆಂದು ನೋಡುತ್ತಿದ್ದವರಿಗೆ ಪಕ್ಕದಲ್ಲಿ ಹಾದುಹೋದ ಆಟೊ ಕಂಡಾಗಲೇ ಅದು ಗುಂಡಿ ಬಿದ್ದ ರಸ್ತೆಯೆಂದು ತಿಳಿದದ್ದು. ಆ ರಸ್ತೆಯೂ ತಕ್ಷಣ ದುರಸ್ತಿ ಕಂಡಿತು. ಇಂಥ ಕೃತಿಯನ್ನು ಯಾವುದಾದರೂ ಸಂಗ್ರಹಾಲಯ ಇಟ್ಟುಕೊಳ್ಳಬೇಕಾದರೆ ವಿಡಿಯೊ ಒಂದೇ ಸಾಲದು. ಆ ರಸ್ತೆಯ ನಕ್ಷೆ, ಅಂದಿನ ಪತ್ರಿಕೆಗಳು, ಗುಂಡಿ ಮುಚ್ಚಿದ ಮೇಲಿನ ಫೋಟೊ ಎಲ್ಲವೂ ಬೇಕು, ಏಕೆಂದರೆ ಗುಂಡಿ ಮುಚ್ಚಿದ್ದೂ ಕೃತಿಯ ಒಂದು ಭಾಗವೇ.

ಬೀದಿಯ ಜನಕ್ಕೆ ಗ್ಯಾಲರಿಯ ಬಾಗಿಲು ಎಷ್ಟು ತೆರೆದಿದೆ ಎಂಬುದು ಉಳಿದ ಪ್ರಶ್ನೆ. ಚಿತ್ರಕಲಾ ಪರಿಷತ್ತಿನ ಚಿತ್ರಸಂತೆ ಎರಡು ದಶಕಗಳಿಂದ ವರ್ಷಕ್ಕೊಮ್ಮೆ ಕುಮಾರಕೃಪಾ ರಸ್ತೆಯನ್ನೇ ಗ್ಯಾಲರಿ ಮಾಡುತ್ತಿದೆ. ಅಲ್ಲಿ ಕಡಲೆಕಾಯಿ ಮಾರುವವರೂ ಚಿತ್ರದ ಮುಂದೆ ನಿಂತು ಬೆಲೆ ಕೇಳುತ್ತಾರೆ. ಕಸ್ತೂರಬಾ ರಸ್ತೆಯ ವೆಂಕಟಪ್ಪ ಆರ್ಟ್ ಗ್ಯಾಲರಿಯನ್ನು 2015ರಲ್ಲಿ ಖಾಸಗಿ ಪ್ರತಿಷ್ಠಾನವೊಂದರ ಸುಪರ್ದಿಗೆ ಕೊಡಲು ಸರ್ಕಾರ ಹೊರಟಾಗ ಕಲಾವಿದರು ಬೀದಿಗಿಳಿದು ತಡೆದರು. ಕಡಿಮೆ ಬಾಡಿಗೆಗೆ ಸಿಗುವ ಆ ಜಾಗ ಕೈತಪ್ಪಿದ್ದರೆ ಊರಿಂದ ಬರುವ ಹೊಸ ಕಲಾವಿದರಿಗೆ ಮೊದಲ ಪ್ರದರ್ಶನವೇ ಕನಸಾಗುತ್ತಿತ್ತು. ಆದರೆ ಜಾಗ ಉಳಿಸಿಕೊಂಡರಷ್ಟೇ ಸಾಕಾಗದು. ಬೆಂಗಳೂರಿನ ಖಾಸಗಿ ಗ್ಯಾಲರಿಗಳಲ್ಲಿ ಬಹುಪಾಲು ಫಲಕಗಳು ಇಂದಿಗೂ ಇಂಗ್ಲಿಷಿನಲ್ಲೇ ಇವೆ. ಡಾಂಬರು ಡ್ರಮ್ಮನ್ನು ಕಂಡೊಡನೆ ಗುರುತಿಸಬಲ್ಲ ಕಾರ್ಮಿಕ ಒಳಗೆ ಬಂದರೆ, ತನ್ನ ಬದುಕಿನ ಬಗ್ಗೆ ಬರೆದದ್ದನ್ನು ಓದಲಾರದೆ ಹೊರಗೆ ಹೋಗಬೇಕು.

ಬೀದಿಯನ್ನು ವಸ್ತುವಾಗಿಸಿಕೊಂಡ ಪ್ರದರ್ಶನಗಳಾದರೂ ಫಲಕಗಳನ್ನು ಕನ್ನಡದಲ್ಲಿ ಬರೆಯಬೇಕು. ವಸ್ತು ಯಾವುದು, ಯಾವ ರಸ್ತೆಯಲ್ಲಿ ಸಿಕ್ಕಿತು, ಬೆಸುಗೆ ಹಾಕಿದವರು, ತಗಡು ಬಡಿದವರು ಯಾರು ಎಂಬುದು ಅವರ ಒಪ್ಪಿಗೆಯೊಂದಿಗೆ ಅದರಲ್ಲಿರಬೇಕು. ಇದಕ್ಕೆ ಹೊಸ ಕಟ್ಟಡ ಬೇಡ, ಅನುದಾನ ಬೇಡ, ಸಮಿತಿಯ ವರದಿಯೂ ಬೇಡ. ವೆಂಕಟಪ್ಪ ಗ್ಯಾಲರಿಯಂಥ ಸರ್ಕಾರಿ ಜಾಗಗಳು ಬುಕ್ಕಿಂಗ್ ಅರ್ಜಿಯಲ್ಲೇ ಇದನ್ನೊಂದು ಷರತ್ತಾಗಿ ಸೇರಿಸಿ, ಮುಂದಿನ ಪ್ರದರ್ಶನದಿಂದಲೇ ಜಾರಿಗೆ ತರಬಹುದು.