ಸಸಿ ಯಾವ ನರ್ಸರಿಯದು?

ಶ್ರೀನಿವಾಸಪುರ ತಾಲ್ಲೂಕಿನ ರಾಯಲ್ಪಾಡು ಕಡೆ ಮಾವಿನ ಕಸಿ ಸಸಿ ಕೊಳ್ಳುವವನು ಚೀಟಿಯಲ್ಲಿ ‘ಬಾದಾಮಿ’ ಎಂದಿದ್ದರಷ್ಟೇ ನಂಬಲಾಗದು. ಯಾವ ನರ್ಸರಿಯದು ಎಂದೂ ಕೇಳಬೇಕು. ಗಿಡ ಫಲಕ್ಕೆ ಬರಲು ನಾಲ್ಕೈದು ವರ್ಷ ಬೇಕು. ಮೋಸ ತಿಳಿಯುವುದು ಆಗಲೇ. ಗಣಕದ ತಂತ್ರಾಂಶಕ್ಕೂ ಈ ಎಚ್ಚರಿಕೆ ಬೇಕು.

ಕನ್ನಡದ ‘ಗುಬ್ಬಿ’ ಫಾಂಟನ್ನೇ ನೋಡಿ. ಲಿನಕ್ಸ್‌ನ ಪ್ರಮುಖ ಬಗೆಗಳಲ್ಲೊಂದಾದ ಡೆಬಿಯನ್‌ನಲ್ಲಿ ಇದು ಸಿದ್ಧ ಪ್ಯಾಕೇಜ್ ಆಗಿ ದೊರೆಯುತ್ತದೆ. ಮೂಲ ಕಡತದಿಂದ ಈ ಫಾಂಟ್ ತಯಾರಾಗಲು ‘ಫಾಂಟ್‌ಫೋರ್ಜ್’ ಎಂಬ ಬೇರೊಂದು ತಂತ್ರಾಂಶ ಬೇಕು. ಅದಕ್ಕೆ ಮತ್ತೆ ಹಲವು ತಂತ್ರಾಂಶಗಳ ಆಸರೆ ಬೇಕು. ಇವೆಲ್ಲ ಬರುವುದು ಅಂತರ್ಜಾಲದ ಭಂಡಾರಗಳಿಂದ.

ಭಂಡಾರಗಳು ಎರಡು ಮೂರಿದ್ದು, ಒಂದೇ ಹೆಸರಿನ ಪ್ಯಾಕೇಜ್ ಎಲ್ಲದರಲ್ಲೂ ಇದ್ದರೆ? ಪ್ಯಾಕೇಜ್ ತರುವ ಡೆಬಿಯನ್‌ನ ‘ಆಪ್ಟ್’ ಸಾಮಾನ್ಯವಾಗಿ ಅವಕ್ಕೆಲ್ಲ 500 ಅಂಕ ಕೊಡುತ್ತದೆ. ಅಂಕ ಸಮನಾದರೆ ಹೆಚ್ಚಿನ ಆವೃತ್ತಿ ಸಂಖ್ಯೆಯದೇ ಗೆಲುವು. ಆ ಸಂಖ್ಯೆ ಬರೆಯುವವನಾದರೋ ಪ್ಯಾಕೇಜ್ ಮಾಡಿದವನೇ!

ಮೂಲ ವಿಚಾರಿಸದಿದ್ದರೆ ಏನಾಗುತ್ತದೆಂಬುದಕ್ಕೆ ಪೈಥಾನ್ ಭಾಷೆಯ ಲೋಕದಲ್ಲೊಂದು ನಿದರ್ಶನವಿದೆ. ಕೃತಕ ಬುದ್ಧಿಮತ್ತೆಗೆ ಬಳಸುವ ‘ಪೈಟಾರ್ಚ್’ ತಂತ್ರಾಂಶದ ಪ್ರಾಯೋಗಿಕ ಆವೃತ್ತಿಗೆ ‘ಟಾರ್ಚ್‌ಟ್ರೈಟನ್’ ಎಂಬ ಪ್ಯಾಕೇಜ್ ಬೇಕಿತ್ತು. ಅದು ಪೈಟಾರ್ಚ್‌ನವರ ಸ್ವಂತ ಭಂಡಾರದಲ್ಲಿತ್ತು. ಯಾರೋ ಅದೇ ಹೆಸರಿನ ಕೆಟ್ಟ ಪ್ಯಾಕೇಜನ್ನು ‘ಪೈಪಿಐ’ ಎಂಬ ಸಾರ್ವಜನಿಕ ಭಂಡಾರದಲ್ಲಿಟ್ಟರು. 2022ರ ಡಿಸೆಂಬರ್ 25ರಿಂದ 30ರವರೆಗೆ ಲಿನಕ್ಸ್‌ನಲ್ಲಿ ಆ ಆವೃತ್ತಿಯನ್ನು ‘ಪಿಪ್’ ಮೂಲಕ ಹಾಕಿಕೊಂಡವರಿಗೆ ನಕಲಿಯೇ ಸಿಕ್ಕಿತು. ಗಣಕದಲ್ಲಿದ್ದ ಗುಪ್ತ ಕೀಲಿಗಳನ್ನೂ ಹೊರಗೆ ಸಾಗಿಸುವ ಶಕ್ತಿ ಅದಕ್ಕಿತ್ತು. ಪೈಟಾರ್ಚ್‌ನವರು ಕೊನೆಗೆ ತಮ್ಮ ಪ್ಯಾಕೇಜಿನ ಹೆಸರನ್ನೇ ಬದಲಿಸಿದರು.

ಪರಿಹಾರ ಕಷ್ಟದ್ದಲ್ಲ. ಆಪ್ಟ್‌ನಲ್ಲಿ ಭಂಡಾರಗಳ ಅಂಕವನ್ನು ನಾವೇ ಗೊತ್ತುಮಾಡಬಹುದು. ನೆಚ್ಚಿನ ಭಂಡಾರಕ್ಕೆ 500 ಇರಲಿ. ಮತ್ತೊಂದಕ್ಕೆ 100 ಕೊಟ್ಟರೆ, ಮೊದಲನೆಯದರಲ್ಲಿ ಇಲ್ಲದ್ದಕ್ಕೆ ಮಾತ್ರ ಅದರ ಸರದಿ. ಸೊನ್ನೆಗಿಂತ ಕಡಿಮೆ ಅಂಕ ಪಡೆದದ್ದಕ್ಕೆ ಪ್ರವೇಶವೇ ಇಲ್ಲ. ಡೆಬಿಯನ್‌ನ ನಿಯಮವಂತೂ ಇನ್ನೂ ಬಿಗಿ: ‘ಮೇನ್’ ಎಂಬ ಮುಖ್ಯ ವಿಭಾಗದ ಪ್ಯಾಕೇಜ್ ಕಟ್ಟಲು ಬೇಕಾದುದೆಲ್ಲ ಅದೇ ವಿಭಾಗದಲ್ಲಿರಬೇಕು. ಕಟ್ಟುವ ಕೆಲಸವೂ ನಡೆಯುವುದು, ಅಗತ್ಯವೆಂದು ಮೊದಲೇ ಬರೆದುಕೊಟ್ಟದ್ದನ್ನಷ್ಟೇ ಸೇರಿಸಿಕೊಂಡ ಶುದ್ಧ ಪರಿಸರದಲ್ಲಿ.

ಪ್ಯಾಕೇಜ್ ಕಟ್ಟುವವನು ಒಬ್ಬ, ಬಳಸುವವರು ಸಾವಿರಾರು. ಅವನು ಕೇಳದೆ ಬಿಟ್ಟ ಪ್ರಶ್ನೆಯ ಫಲವನ್ನು ಉಣ್ಣಬೇಕಾದವರು ಅವರೆಲ್ಲರೂ. ಹೆಸರು, ಸಂಖ್ಯೆ ನೋಡಿ ಮರುಳಾಗದೆ ಮೊದಲು ಮೂಲ ವಿಚಾರಿಸುವುದೇ ಜಾಣತನ.